ದೊಡ್ಡಪ್ಪನ ಡಿ ಡ್ರೈವ್

ಇದು 2020ರ ಆಶ್ಲೇಷಾ ಮಳೆಯಲ್ಲಿ ನಡೆದದ್ದು. ಬೆಂಗಳೂರಿನ ಆಫೀಸು ಬಾಗಿಲು ಹಾಕಿ ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರಿಂದ ನಾನು ಕೊಪ್ಪದ ಕಡೆಯ ನಮ್ಮೂರಿಗೆ ಬಂದು ಕೂತಿದ್ದೆ. ಕಂಪ್ಯೂಟರ್ ಕಲಿತವನು ಊರಲ್ಲಿದ್ದಾನೆ ಅಂದಮೇಲೆ ಕೇಳಬೇಕೇ? ಯಾರದೋ ಮೊಬೈಲು, ಯಾರದೋ ಟಿವಿ ರಿಮೋಟು, ಎಲ್ಲವೂ ನಮ್ಮ ಜಗಲಿಗೆ ಬರುತ್ತಿದ್ದವು. ಹಾಗೇ ಒಂದು ಸಂಜೆ ದೊಡ್ಡಪ್ಪ ಬಂದರು. ಗೊಬ್ಬರದ ಚೀಲದೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಟವೆಲು, ಟವೆಲಿನೊಳಗೆ ಲ್ಯಾಪ್‌ಟಾಪು. ಒಂದೊಂದಾಗಿ ಬಿಚ್ಚಿ, ನಾನು ಚಳಿ ಕಾಯಿಸುತ್ತ ಕೂತಿದ್ದ ಬಚ್ಚಲೊಲೆಯ ಮುಂದೆ ಮಣೆಯ ಮೇಲಿಟ್ಟರು.

"ಇದು ಹೋಯ್ತಂತೆ ಮಾರಾಯ. ಹೋದ್ರೆ ಹೋಗ್ಲಿ. ಡಿ ಡ್ರೈವ್ ಒಂದು ಬೇಕು ನಂಗೆ."

ಡಿ ಡ್ರೈವಿನಲ್ಲಿ ಏನಿದೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಹೈಸ್ಕೂಲು ಮೇಷ್ಟ್ರ ಕೆಲಸದಿಂದ ನಿವೃತ್ತಿಯಾದ ಮೇಲೆ ಅವರು ಸುತ್ತಲಿನ ಗದ್ದೆ, ಕಾನು, ಹಳ್ಳ, ಹಕ್ಕಲುಗಳ ಹೆಸರು ಬರೆದುಕೊಳ್ಳುತ್ತ ತಿರುಗಿದವರು. ಯಾವ ಗದ್ದೆಗೆ ಆ ಹೆಸರು ಹೇಗೆ ಬಂತು, ಯಾವ ಮನೆಯವರು ಅದನ್ನು ಮಾರಿ ಘಟ್ಟ ಇಳಿದರು, ಯಾವ ಹಳ್ಳ ದಿಕ್ಕು ಬದಲಿಸಿತು, ಹೇಳಿದವರು ಯಾರು, ಎಲ್ಲವೂ ಅದರಲ್ಲಿತ್ತು. ಹೇಳಿದವರಲ್ಲಿ ಎಷ್ಟೋ ಮಂದಿ ಆಗಲೇ ತೀರಿಕೊಂಡಿದ್ದರು. ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಬೇರೆ ಪ್ರತಿ ಇರಲಿಲ್ಲ.

ಲ್ಯಾಪ್‌ಟಾಪು 2011ರಲ್ಲಿ ಕೊಂಡದ್ದು, ವಿಂಡೋಸ್ 7ರದು. ಆ ವಿಂಡೋಸ್‌ಗೆ ಸುರಕ್ಷತಾ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ನಿಲ್ಲಿಸಿತ್ತು. ನಡುನಡುವೆ ನೀಲಿ ಪರದೆ ಬಂದು ತಾನೇ ಆಫ್ ಆಗಿ ಆನ್ ಆಗುವ ಚಾಳಿಯೂ ಅದಕ್ಕೆ ಅಂಟಿಕೊಂಡಿತ್ತು. ಮೊಮ್ಮಗಳ ಆನ್‌ಲೈನ್ ಕ್ಲಾಸು ಶುರುವಾದಾಗ ಪೇಟೆಯ ಅಂಗಡಿಯಲ್ಲಿ "ವಿಂಡೋಸ್ 10 ಹಾಕಿದರೆ ಎಲ್ಲ ಸರಿಯಾಗ್ತದೆ" ಅಂದರಂತೆ. ಹಾಕಲು ಹೋದರು, ಅರ್ಧಕ್ಕೆ ನಿಂತಿತು. ಮತ್ತೆ ಹಾಕಿದರು, ಮತ್ತೆ ನಿಂತಿತು. ಹಳೆಯ ವಿಂಡೋಸ್ ಅಷ್ಟೊತ್ತಿಗೆ ಅಳಿಸಿಹೋಗಿತ್ತು, ಹೊಸದು ಬರಲಿಲ್ಲ. ಹಾರ್ಡ್ ಡಿಸ್ಕ್ ಸತ್ತಿದೆ, ಹೊಸ ಲ್ಯಾಪ್‌ಟಾಪೇ ತಗೊಳ್ಳಿ ಅಂತ ಹೇಳಿ ಕಳಿಸಿದರು. ಆ ಹುಡುಗ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ ಡಿ ಡ್ರೈವನ್ನು ಮುಟ್ಟಿರಲಿಲ್ಲ. ಆ ಪುಣ್ಯ ಅವನಿಗೆ ಸಲ್ಲಬೇಕು. ಇಡೀ ಡಿಸ್ಕ್ ಒರೆಸಿಬಿಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನನ್ನ ಹತ್ತಿರ ಲಿನಕ್ಸ್ ಇದ್ದ ಪೆನ್ ಡ್ರೈವ್ ಒಂದಿತ್ತು. ಡಿಸ್ಕಿಗೆ ಏನನ್ನೂ ಹಾಕದೆ ಅದರಿಂದಲೇ ಕಂಪ್ಯೂಟರ್ ಎಬ್ಬಿಸಬಹುದು. ಎದ್ದಿತು. ಡಿ ಡ್ರೈವ್ ಕಂಡಿತು, ಫೈಲುಗಳೂ ಕಂಡವು. ದೊಡ್ಡಪ್ಪ ಮಣೆಯನ್ನು ಹತ್ತಿರ ಎಳೆದುಕೊಂಡರು. ಮೊದಲನೆಯ ಫೈಲು ತೆರೆದೆ.

ತೆರೆಯ ತುಂಬ ಇಂಗ್ಲಿಷ್ ಕಲಸುಮೇಲೋಗರ. ಕನ್ನಡ ಅಂತ ಇರಬೇಕಾದ ಕಡೆ ಒಂದು ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತದೇ ಎ, ಆಮೇಲೊಂದು ಕ್ಯೂ. ದೊಡ್ಡಪ್ಪನ ಮುಖ ನೋಡಲಾಗಲಿಲ್ಲ.

"ಎಲ್ಲ ಹಾಳಾಯ್ತಲ್ಲೋ!"

ಹಾಳಾಗಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ 1991ರಿಂದಲೇ ತಮ್ಮದೇ ಜಾಗವಿದೆ. ಆದರೆ ನುಡಿಯ ಹಳೆಯ ಫಾಂಟುಗಳು ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಫೈಲಿನೊಳಗೆ ಇರುವುದು ಪಿ ಮತ್ತು ಕ್ಯೂಗಳೇ, ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟು. ಸಿ ಡ್ರೈವ್ ಅಳಿಸಿದಾಗ ಫಾಂಟೂ ಹೋಯಿತು, ಅಷ್ಟೆ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಫಾಂಟುಗಳನ್ನು ತಂದು ಹಾಕಿದ ಕೂಡಲೇ ಗದ್ದೆ ಹಳ್ಳಗಳೆಲ್ಲ ಕನ್ನಡದಲ್ಲಿ ಎದ್ದು ಕೂತವು. ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ಎರಡು ಪುಟ ಗಟ್ಟಿಯಾಗಿ ಓದಿ ನೋಡಿದ ಮೇಲೆಯೇ ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿದ್ದು.

ಫೈಲು ಇಷ್ಟು ಸಲೀಸಾಗಿ ಬಂತಲ್ಲ, ಸತ್ತ ಡಿಸ್ಕಿನಿಂದ ಹೀಗೆ ಬರುತ್ತದೆಯೇ ಅನ್ನಿಸಿತು. ತನ್ನ ಆರೋಗ್ಯದ ಲೆಕ್ಕವನ್ನು ಡಿಸ್ಕೇ ಇಟ್ಟುಕೊಂಡಿರುತ್ತದೆ, ಸ್ಮಾರ್ಟ್ ಅನ್ನುತ್ತಾರೆ. ತೆಗೆದು ನೋಡಿದರೆ ಕೆಟ್ಟ ಸೆಕ್ಟರು ಒಂದೂ ಇಲ್ಲ.

ಹಾಗಾದರೆ ಕರೆಂಟಿನ ಮೇಲೆ ಅನುಮಾನ. ನಮ್ಮ ಕಡೆ ಮಳೆಗಾಲದ ಕರೆಂಟು ಗೊತ್ತಲ್ಲ, ಗಾಳಿ ಬೀಸುವ ಮೊದಲೇ ಹೋಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷಗಳಾಗಿದ್ದವು, ಚಾರ್ಜರ್ ಮೇಲೇ ಬದುಕು. ಅದನ್ನು ಇನ್ವರ್ಟರಿಗೆ ಸಿಕ್ಕಿಸಿ ವಿಂಡೋಸ್ ಹಾಕಲು ಕೂತೆವು. ಶೇಕಡಾ ಮೂವತ್ತರ ಆಚೆ ಎಲ್ಲೋ ನಿಂತಿತು. ಬೇಕಾದ ಫೈಲು ಕೆಟ್ಟಿರಬಹುದು ಅಥವಾ ಇಲ್ಲದಿರಬಹುದು ಅಂತೊಂದು ಸಾಲು, ಕೊನೆಗೆ 80070570 ಅನ್ನುವ ಸಂಖ್ಯೆ. ಪೆನ್ ಡ್ರೈವ್ ಬದಲಿಸಿ ಹಾಕಿದರೆ ಎಪ್ಪತ್ತರ ಹತ್ತಿರ ನಿಂತಿತು. ಮೊದಲಿನ ಪೆನ್ ಡ್ರೈವನ್ನೇ ಮತ್ತೆ ಹಾಕಿದರೆ ಈ ಸಲ ಮೂವತ್ತನ್ನು ಆರಾಮಾಗಿ ದಾಟಿ ಅರವತ್ತರಲ್ಲಿ ಕೂತುಬಿಟ್ಟಿತು. ದೊಡ್ಡಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರ ಬುದ್ಧಿ.

"ಅಲ್ಲ ಮಾರಾಯ, ಪುಸ್ತಕದ ಹಾಳೆ ಹರಿದಿದ್ರೆ ಓದೋ ಹುಡುಗ ಪ್ರತಿ ಸಲ ಅದೇ ಪುಟದಲ್ಲಿ ತಡವರಿಸ್ಬೇಕು. ಇದು ದಿನಕ್ಕೊಂದು ಪುಟದಲ್ಲಿ ನಿಲ್ತದೆ. ಅಂದ್ರೆ ದೋಷ ಪುಸ್ತಕದ್ದಲ್ಲ, ಹುಡುಗನ ಕಣ್ಣಿಂದು."

ಇಷ್ಟು ವರ್ಷ ಇದೇ ಕೆಲಸ ಮಾಡಿದ ನಾನು ಇಷ್ಟು ಚೆನ್ನಾಗಿ ಯಾರಿಗೂ ವಿವರಿಸಿಲ್ಲ. ಪರೀಕ್ಷಿಸಲು ದಾರಿಯೂ ಇತ್ತು. ಒಂದು ಫೈಲಿನ ಪ್ರತಿ ಬಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು 64 ಅಕ್ಷರದ ಒಂದು ಗುರುತು ಕೊಡುವ ಸಾಧನ ಲಿನಕ್ಸ್‌ನಲ್ಲಿದೆ, ಹೆಸರು ಶಾ-256. ಫೈಲು ಅದೇ ಆದರೆ ಗುರುತೂ ಅದೇ ಬರಬೇಕು. ವಿಂಡೋಸ್‌ನ ಇನ್‌ಸ್ಟಾಲ್ ಪೆನ್ ಡ್ರೈವಿನಲ್ಲಿದ್ದ ದೊಡ್ಡ ಫೈಲಿಗೆ ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಿದೆ. ಇನ್ನೊಮ್ಮೆ ಓಡಿಸಿದೆ. ಎರಡು ಗುರುತು ಎರಡು ಥರ! ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ಕೇಳಿದರೂ ಒಂದೇ. ದೊಡ್ಡಪ್ಪನ ಯಂತ್ರದ ನೆನಪೇ ಕೆಟ್ಟಿತ್ತು, ಅಂದರೆ ರ‍್ಯಾಮ್.

ಆ ರಾತ್ರಿ ಮೆಮ್‌ಟೆಸ್ಟ್ ಹಚ್ಚಿಟ್ಟು ಮಲಗಿದೆವು. ರ‍್ಯಾಮಿನ ಪ್ರತಿ ಜಾಗದಲ್ಲೂ ಒಂದಿಷ್ಟು ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಅಂತ ನೋಡುವ ತಂತ್ರಾಂಶ ಅದು. ಬೆಳಗ್ಗೆ ಹಾಲು ಕರೆಯಲು ಎದ್ದ ದೊಡ್ಡಮ್ಮನೇ ಮೊದಲು ನೋಡಿ "ಎಂತದೋ ಇದು, ತುಂಬ ಕೆಂಪು ಗೆರೆ ಬಂದಿದೆ" ಅಂತ ಕೂಗಿದರು. ಕೆಂಪು ಸಾಲು ಅಂದರೆ ತಪ್ಪು.

ತಳದ ಮುಚ್ಚಳ ಬಿಚ್ಚಿದರೆ 2 ಜಿಬಿಯ ಎರಡು ರ‍್ಯಾಮ್ ಪಟ್ಟಿ. ಮಲೆನಾಡಿನ ತೇವಕ್ಕೆ ಕಾಲುಗಳು ಮಸುಕಾಗಿದ್ದವು. ಮೊಮ್ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದೆ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಇಲ್ಲಿ ಹೋಗಲಿಲ್ಲ. ಒಂದೊಂದೇ ಪಟ್ಟಿ ಹಾಕಿ, ಜಾಗ ಅದಲು ಬದಲು ಮಾಡಿ ನೋಡಿದಾಗ ಒಂದು ಪಟ್ಟಿ ಎಲ್ಲಿ ಕೂತರೂ ತಪ್ಪು ಹೇಳುತ್ತಿತ್ತು, ಇನ್ನೊಂದು ಎಲ್ಲಿ ಕೂತರೂ ಸರಿ.

2 ಜಿಬಿ ಅಂದರೆ 1,700 ಕೋಟಿಗೂ ಹೆಚ್ಚು ಬಿಟ್ಟುಗಳು. ಅದರಲ್ಲಿ ಬೆರಳೆಣಿಕೆಯಷ್ಟು ಕೆಟ್ಟರೆ ದಿನದ ಬಳಕೆಯಲ್ಲಿ ತಿಳಿಯುವುದೇ ಇಲ್ಲ. ಫೋಟೋದ ಒಂದು ಚುಕ್ಕಿಯ ಬಣ್ಣ ಬದಲಾದರೆ ಯಾರು ಗಮನಿಸುತ್ತಾರೆ? ವಿಂಡೋಸ್‌ನ ಸ್ವಂತ ಕೆಲಸ ಆ ಜಾಗಕ್ಕೆ ಬಂದಾಗ ಮಾತ್ರ ನೀಲಿ ಪರದೆ. ಹೊಸದಾಗಿ ಹಾಕುವಾಗ ಹಾಗಲ್ಲ. ಒತ್ತಿ ಕುಗ್ಗಿಸಿಟ್ಟ ದೊಡ್ಡ ದೊಡ್ಡ ಫೈಲುಗಳು ರ‍್ಯಾಮಿನ ಉದ್ದಗಲಕ್ಕೂ ಹರಡಿಕೊಂಡು ಬಿಚ್ಚಿಕೊಳ್ಳಬೇಕು, ಪ್ರತಿಯೊಂದಕ್ಕೂ ತಾಳೆ ನೋಡುವ ಲೆಕ್ಕವಿರುತ್ತದೆ. ಒಂದು ಬಿಟ್ ತಪ್ಪಿದರೂ ನಿಲ್ಲುತ್ತದೆ. ನಿಂತಲ್ಲಿ ಅದು ಫೈಲನ್ನು ದೂರುತ್ತದೆ, ಅಂಗಡಿಯವರು ಡಿಸ್ಕನ್ನು ದೂರುತ್ತಾರೆ, ಮನೆಯವರು ಹೊಸ ಲ್ಯಾಪ್‌ಟಾಪಿಗೆ ದುಡ್ಡು ಹೊಂದಿಸುತ್ತಾರೆ.

ಒಳ್ಳೆಯ ಪಟ್ಟಿ ಒಂದನ್ನೇ ಇಟ್ಟು ವಿಂಡೋಸ್ ಹಾಕಿದೆ. ಎಲ್ಲೂ ಉಸಿರು ಕಟ್ಟದೆ ನೂರು ಮುಟ್ಟಿತು. ಆದರೆ ವಿಂಡೋಸ್ 10ಕ್ಕೆ 2 ಜಿಬಿ ಸಾಕು ಅನ್ನುವುದು ಕಾಗದದ ಮೇಲಿನ ಮಾತು. ಒಂದು ಪುಟ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಅದನ್ನು ತೆಗೆದು ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿದೆ. ದೊಡ್ಡಪ್ಪನದು ಒಂದೇ ಷರತ್ತು, ಬೆರಳು ಹೊಸದಾಗಿ ಕಲಿಯುವಂತಿರಬಾರದು. ಲಿನಕ್ಸ್‌ನಲ್ಲೂ ನುಡಿಯ ಕೀಲಿಮಣೆ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುವುದರಿಂದ ಅದು ಈಡೇರಿತು.

ಗಡಿಯಾರದ ರಗಳೆ ಒಂದು ಬಾಕಿಯಿತ್ತು. ಕರೆಂಟು ಹೋಗಿ ಬಂದರೆ ತಾರೀಕು ಹತ್ತು ವರ್ಷ ಹಿಂದೆ ಹೋಗಿ, ಬ್ರೌಸರ್ ಯಾವ ಜಾಲತಾಣವನ್ನೂ ನಂಬದೆ ಎಚ್ಚರಿಕೆ ತೋರಿಸುತ್ತಿತ್ತು. ಒಳಗಿನ ಬಿಲ್ಲೆ ಬ್ಯಾಟರಿ ಮುಗಿದಿತ್ತು. ಪೇಟೆಯ ವಾಚ್ ರಿಪೇರಿಯವರ ಹತ್ತಿರ ಹೊಸದು ಸಿಕ್ಕಿತು.

ಕೆಟ್ಟ ರ‍್ಯಾಮ್ ಇದ್ದಾಗ ತೆಗೆದ ಫೈಲುಗಳ ಪ್ರತಿಯನ್ನು ನಂಬುವ ಹಾಗಿರಲಿಲ್ಲ. ಮತ್ತೆ ಪ್ರತಿ ಮಾಡಿ ತಾಳೆ ನೋಡಿದರೆ ಒಂದು ಫೈಲು ನಿಜಕ್ಕೂ ಬೇರೆಯಾಗಿತ್ತು. ಮೂಲ ಕ್ಷೇಮವಾಗಿತ್ತು. ಆಮೇಲೆ ಎಲ್ಲವನ್ನೂ ಯೂನಿಕೋಡ್‌ಗೆ ತಂದೆವು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಅಲ್ಲಲ್ಲಿ ಎಡವಿದ್ದನ್ನು ದೊಡ್ಡಪ್ಪ ಸಾಲು ಸಾಲಾಗಿ ತಿದ್ದಿದರು. ಬಸ್ಸು ಸರಿಯಾಗಿ ಓಡತೊಡಗಿದ ಮೇಲೆ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಹಳೆಯದೇ ಒಂದು 4 ಜಿಬಿ ಪಟ್ಟಿ ತಂದುಕೊಟ್ಟೆ. ಮೊಮ್ಮಗಳ ಕ್ಲಾಸು ಅದರಲ್ಲೇ ಮುಗಿಯಿತು.

ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲೂ ನುಡಿ ಅಥವಾ ಬರಹ ತಂತ್ರಾಂಶದ ಫೈಲುಗಳಿದ್ದರೆ, ರಿಪೇರಿಗೆ ಕೊಡುವ ಮೊದಲು ಅವುಗಳ ಜೊತೆ ಫಾಂಟುಗಳನ್ನೂ ಒಂದು ಪೆನ್ ಡ್ರೈವಿಗೆ ತೆಗೆದಿಟ್ಟುಕೊಳ್ಳಿ. ಇನ್‌ಸ್ಟಾಲ್ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತಿದ್ದರೆ, ಹೊಸ ಡಿಸ್ಕ್ ಕೊಳ್ಳುವ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ನೋಡಿ.