ಜೇಬಿನೊಳಗಿನ ಕೈ

ನಾಳೆ ಬೆಳಿಗ್ಗೆ ಬಳ್ಳಾರಿಗೆ ಹೋಗಬೇಕು. ಸಿರುಗುಪ್ಪದ ಆ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಮೆಷಿನ್ನಿನ ಪಕ್ಕ ಹಾಸಿದ ಚಾಪೆಯ ಮೇಲೆ ನೀವೂ ಕೂತಿದ್ದೀರಿ. ಟೇಲರ್ ಅಣ್ಣ ಕಬ್ಬಿಣದ ಟ್ರಂಕ್ ತೆಗೆದು ಒಂದೊಂದೇ ಕಾಗದ ಹೊರಗಿಡುತ್ತಿದ್ದಾರೆ. ಅತ್ತಿಗೆ ಅವನ್ನು ಬಟ್ಟೆ ಅಂಗಡಿಯ ಕವರಿಗೆ ತುಂಬುತ್ತಿದ್ದಾರೆ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಮೊನ್ನೆ ತೆಗೆಸಿದ ಫೋಟೊ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗಾಗಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದಾಗ ಬಂದ ರಸೀದಿ. ಅದರ ಮೇಲಿನ ನೋಂದಣಿ ಸಂಖ್ಯೆಯೇ ನಾಳೆಯ ಟಿಕೆಟ್ಟು. ತಳದಲ್ಲಿ ಹಳೆಯ ಕಾಗದದ ಸರ್ಟಿಫಿಕೇಟು. ಮಡಿಕೆಯಲ್ಲೆಲ್ಲ ಹರಿದಿದೆ, ದುಂಡು ಮೊಹರು ಮಾಸಿ ನೀಲಿ ಕಲೆಯಾಗಿದೆ, ಶೇಕಡಾವಾರು ಬರೆದ ಜಾಗದಲ್ಲಿ ನೀರು ಬಿದ್ದಿದೆ. ಇಷ್ಟು ವರ್ಷ ಅದನ್ನು ತೋರಿಸಿಯೇ ನಡೆಯಿತು. ಇನ್ನು ನಡೆಯುವುದಿಲ್ಲ.

ನಗರಸಭೆಯ ಪುನರ್ವಸತಿ ಕಾರ್ಯಕರ್ತ ಸಂಜೆ ಬಂದು ಒಂದು ಬಿಳಿ ಹಾಳೆ ಕೊಟ್ಟು ಹೋಗಿದ್ದಾನೆ. ‘ಡಾಕ್ಟರ ಮುಂದ ನಿಂತ್ರ ಬಾಯಿ ಕಟ್ಟತೈತಿ ಅಣ್ಣಾ. ಏನೇನು ಆಗಂಗಿಲ್ಲ ಅಂತ ಈಗ ಬರದಿಟ್ಕೊ.’ ಅಣ್ಣ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ ಬರೆದದ್ದು ಒಂದೇ ಸಾಲು: ‘ನಡೆಯಲು ಸ್ವಲ್ಪ ತೊಂದರೆ.’

ಅತ್ತಿಗೆ ಬಗ್ಗಿ ನೋಡಿದರು. ‘ಸ್ವಲ್ಪನ? ಮಳಿಗಾಲದಾಗ ಬಚ್ಚಲದಾಗ ಬಿದ್ದೋರು ಯಾರು? ಸಂಡಾಸಿನ್ಯಾಗ ಗ್ವಾಡಿ ಹಿಡಿಲಾರದೆ ಏಳೋಕಾಗತೈತೇನು ನಿಮಗ?’

ಅಣ್ಣ ನಿಮ್ಮ ಕಡೆ ನೋಡಿ ನಾಚಿ ನಗುತ್ತಾರೆ. ಪರರ ಮುಂದೆ ಇದನ್ನೆಲ್ಲ ಹೇಳುವುದೇನು ಅನ್ನುವ ನಗು ಅದು. ನಾಳಿನ ತಯಾರಿಯ ಕಷ್ಟದ ಭಾಗವೂ ಇದೇ. ಕಾಗದ ಹೇಗೋ ಹೊಂದುತ್ತವೆ. ನಲವತ್ತು ವರ್ಷ ಮುಚ್ಚಿಟ್ಟು ರೂಢಿಯಾದ ಕಾಲನ್ನು ಒಂದು ದಿನದ ಮಟ್ಟಿಗೆ ಬಿಚ್ಚಿ ತೋರಿಸುವುದು ಹೇಗೆ?

ಎಡಗಾಲಿಗೆ ಪೋಲಿಯೊ. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂತು, ಇಳಿಯಿತು, ಇಳಿಯುವಾಗ ಕಾಲಿನ ಕಸುವನ್ನೂ ಒಯ್ದಿತು. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಪೋಲಿಯೊಮುಕ್ತ ಅಂದಿತು. ಅಷ್ಟರಲ್ಲಿ ಅಣ್ಣನಂಥವರು ಮದುವೆಯಾಗಿ, ಮಕ್ಕಳಾಗಿ, ನಡುವಯಸ್ಸಿಗೆ ಬಂದಿದ್ದರು.

ಅಣ್ಣನ ಪ್ಯಾಂಟನ್ನು ಹತ್ತಿರದಿಂದ ನೋಡಿ. ಎಡಗಾಲಿನದು ಎರಡು ಇಂಚು ಗಿಡ್ಡ, ಎಡಜೇಬು ಮಾತ್ರ ಮೊಣಕಾಲಿನ ಹತ್ತಿರದವರೆಗೆ ಉದ್ದ. ತಾವೇ ಹೊಲಿದುಕೊಂಡದ್ದು. ಪೋಲಿಯೊ ಕಾಲಿನವರು ಹೆಜ್ಜೆಯೂರುವಾಗ ಮೊಣಕಾಲು ಮಡಚಿ ಬೀಳದಂತೆ ತೊಡೆಯನ್ನು ಕೈಯಿಂದ ಒತ್ತಿ ನಡೆಯುತ್ತಾರೆ. ಅಣ್ಣ ಅದನ್ನು ಜೇಬಿನೊಳಗಿನಿಂದ ಒತ್ತುತ್ತಾರೆ. ನೋಡಿದವರಿಗೆ ಯಾರೋ ಜೇಬಿನಲ್ಲಿ ಕೈಯಿಟ್ಟುಕೊಂಡು ಠೀವಿಯಿಂದ ಹೊರಟ ಹಾಗೆ ಕಾಣುತ್ತದೆ. ಇಂಥ ಹೊಲಿಗೆ ಬಳ್ಳಾರಿಯ ಯಾವ ಜೀನ್ಸ್ ಘಟಕದಲ್ಲೂ ಸಿಗಲಿಕ್ಕಿಲ್ಲ.

ಬೆಳಗಿನ ಬಸ್ಸು. ಮಾರ್ಗಶಿರದ ಚಳಿ, ಕಿಟಕಿ ಗಾಜು ಅರ್ಧಕ್ಕೇ ನಿಂತಿದೆ. ಕಂಡಕ್ಟರು ಅತ್ತಿಗೆಗೆ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಅಣ್ಣನಿಗೆ ಪೂರಾ ಚಾರ್ಜು. ವಿಕಲಚೇತನರ ರಿಯಾಯಿತಿ ಪಾಸು ಇದ್ದರೆ ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು, ಬಳ್ಳಾರಿ ಅದರೊಳಗೇ ಬರುತ್ತದೆ. ಆದರೆ ಪಾಸಿಗೆ ಕಾರ್ಡು ಬೇಕು, ಕಾರ್ಡಿಗೆ ಬಳ್ಳಾರಿಗೆ ಹೋಗಬೇಕು.

ತೆಕ್ಕಲಕೋಟೆ ದಾಟುತ್ತೀರಿ. ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಹಾಕಿದ್ದಾರೆ, ಡ್ರೈವರು ಬೈಯುತ್ತಲೇ ಬಲಕ್ಕೆ ಎಳೆಯುತ್ತಾನೆ. ಹಿಂದಿನ ಸೀಟಿನವನೊಬ್ಬ ಪ್ಲಾಸ್ಟಿಕ್ ಕವರು ನೋಡಿಯೇ ವಿಷಯ ಹಿಡಿದುಬಿಟ್ಟ. ‘ಅಣ್ಣಾ, ಮೆಡಿಕಲ್ ಬೋರ್ಡಿಗೇನು? ಕೋಲು ತಂದಿಲ್ಲೇನು? ಕೋಲು ಹಿಡದು ಕುಂಟ್ಕೊಂತ ಹೋಗಬೇಕು, ಅಂದ್ರ ಜಾಸ್ತಿ ಹಾಕ್ತಾರ.’ ಇಂಥ ಉಪದೇಶ ಪುಕ್ಕಟೆ ಸಿಗುತ್ತದೆ, ಬೆಲೆಯೂ ಅಷ್ಟೇ. ಸ್ನಾಯುವಿನಲ್ಲಿ ಎಷ್ಟು ಕಸುವಿದೆ ಎಂದು ವೈದ್ಯರು ಕೈಯಿಟ್ಟು ನೋಡುತ್ತಾರೆ, ಕುಂಟಿದ ನಾಟಕ ಅಲ್ಲಿ ನಿಲ್ಲುವುದಿಲ್ಲ. ಅಲ್ಲದೆ ವಿಕಲಚೇತನರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇದೆ. ನಾನು ಕಂಡಂತೆ ನಾಟಕ ಆಡುವವರಿಗಿಂತ ಇದ್ದದ್ದನ್ನು ನುಂಗಿಕೊಳ್ಳುವವರೇ ಹೆಚ್ಚು. ಅಣ್ಣ ಆತನಿಗೆ ಉತ್ತರ ಕೊಡಲಿಲ್ಲ. ಜೇಬಿನೊಳಗೆ ಕೈ ಹಾಕಿ ಕೂತರು.

ಬಳ್ಳಾರಿ. ಗುಡ್ಡದ ಬಂಡೆಗಳಿಗೆ ಬಿಸಿಲು ತಾಗುವ ಹೊತ್ತಿಗೆ ಆಸ್ಪತ್ರೆಯ ಮೊಗಸಾಲೆಯ ಬೆಂಚುಗಳು ಭರ್ತಿ. ಊರುಗೋಲು, ಗಾಲಿಕುರ್ಚಿ, ಕಪ್ಪು ಕನ್ನಡಕ. ಕಿವಿ ಕೇಳದವರು ಆಡಿಯೊಮೆಟ್ರಿ ಕೋಣೆಯ ಮುಂದೆ ಬೇರೆ ಸಾಲು. 1995ರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯ ಇತ್ತು, 2016ರದರಲ್ಲಿ 21. ಆಸಿಡ್ ದಾಳಿಗೆ ತುತ್ತಾದವರು, ತಲಸ್ಸೀಮಿಯಾ, ಪಾರ್ಕಿನ್ಸನ್ಸ್ ಇದ್ದವರು ಕೂಡ ಈಗ ಈ ಸಾಲಿಗೆ ಬರಬಹುದು.

ನಿಮ್ಮ ಪಕ್ಕ ಕುರುಗೋಡಿನ ತಾಯಿ, ಜೊತೆಗೆ ಹದಿಮೂರು ಹದಿನಾಲ್ಕರ ಮಗ. ದೊಡ್ಡಬಸವೇಶ್ವರನ ವಿಭೂತಿ ಹುಡುಗನ ಹಣೆಯ ಮೇಲೆ ಇನ್ನೂ ಹಸಿಯಾಗಿದೆ. ಬುದ್ಧಿ ಬೆಳವಣಿಗೆಯ ಪರೀಕ್ಷೆಗೆ ಬಂದಿದ್ದಾರೆ. ಒಳಗಿನಿಂದ ಮನಃಶಾಸ್ತ್ರಜ್ಞೆ ಬಂದು ಬಾಗಿಲಲ್ಲೇ ಕೇಳಲು ಶುರು ಮಾಡುತ್ತಾರೆ.

‘ತಾನೇ ಸ್ನಾನ ಮಾಡ್ತಾನೇನಮ್ಮ?’

‘ಹೂಂ ರೀ, ಎಲ್ಲಾ ಮಾಡ್ತಾನ.’

‘ಅಂಗಡಿಗೆ ಹೋಗಿ ಸಾಮಾನು ತಂದು, ಚಿಲ್ಲರೆ ಎಣಿಸ್ತಾನಾ?’

‘ಹೋಗ್ತಾನ್ರಿ. ಶ್ಯಾಣ್ಯಾ ಅದಾನ.’

ನಿಮಗೆ ಕೂತಲ್ಲೇ ಚಡಪಡಿಕೆ. ಸ್ವಲ್ಪ ಮುಂಚೆ ಆಕೆಯೇ ನಿಮಗೆ ಹೇಳಿದ್ದಳು, ನೀರು ಹಾಕುವವಳು ನಾನೇ, ಅಂಗಿ ಗುಂಡಿ ಹಾಕುವವಳು ನಾನೇ, ಅಂಗಡಿಯವ ಗುರುತಿನವನಾದ್ದರಿಂದ ಚೀಟಿ ನೋಡಿ ಕೊಡುತ್ತಾನೆ ಎಂದು. ಈಗ ಮಗನ ಎದುರಿಗೇ ಅವನಿಗೆ ಏನೂ ಬರುವುದಿಲ್ಲ ಅನ್ನಲು ಯಾವ ತಾಯಿಗೆ ಮನಸ್ಸಾಗುತ್ತದೆ? ಆದರೆ ಈ ಪ್ರಶ್ನೆಗಳ ಅಂಕವೇ ಲೆಕ್ಕ. ಸಾಮಾಜಿಕ ಪಕ್ವತೆಯ ಮಾಪನದಲ್ಲಿ 55ರಿಂದ 69 ಬಂದರೆ ಶೇ 50, 36ರಿಂದ 54 ಬಂದರೆ ಶೇ 75. ಪ್ರೀತಿಯಿಂದ ಹೇಳಿದ ನಾಲ್ಕು ‘ಹೂಂ’ಗಳಿಗೆ ಹುಡುಗ ಒಂದು ದರ್ಜೆ ಮೇಲಕ್ಕೆ ಹೋಗಿಬಿಡುತ್ತಾನೆ. ಅತ್ತಿಗೆ ಆಕೆಯ ಕೈ ಹಿಡಿದು ಪಿಸುಗುಟ್ಟುತ್ತಾರೆ: ‘ನೀನು ಹಾಕಿದ ಗುಂಡಿ ನೀನು ಹಾಕಿದ್ದಂತ ಹೇಳವ್ವಾ.’ ಆಕೆ ಮಗನನ್ನು ಹೊರಗೆ ಕೂರಿಸಿ ತಾನೊಬ್ಬಳೇ ಒಳಗೆ ಹೋದಳು. ಬಹಳ ಹೊತ್ತು ಮಾತಾಡಿದಳು.

ಅಣ್ಣನ ಸರದಿ. ಮೂಳೆ ವೈದ್ಯರು ಟೇಪು ತೆಗೆದರು. ಊರಿನವರ ಕಾಲನ್ನೆಲ್ಲ ಅಳೆದ ಟೇಲರ್ ಈಗ ಮಂಚದ ಮೇಲೆ ಮಲಗಿ ಅಳತೆ ಕೊಡುತ್ತಿದ್ದಾರೆ. ಕಾಲು ಗಿಡ್ಡವಾಗಿರುವುದರಲ್ಲಿ ಮೊದಲ ಅರ್ಧ ಇಂಚಿಗೆ ಲೆಕ್ಕವಿಲ್ಲ. ಆಮೇಲಿನ ಪ್ರತಿ ಅರ್ಧ ಇಂಚಿಗೆ ಶೇ 4. ಕೀಲು ಎಷ್ಟು ಮಡಚುತ್ತದೆ ನೋಡಿದರು. ‘ಕಾಲು ಎತ್ತು. ನಾನು ಒತ್ತಿದ್ರೂ ಬಿಡಬೇಡ.’ ಕಸುವಿಗೆ ಸೊನ್ನೆಯಿಂದ ಐದರವರೆಗೆ ಅಂಕ. ಅಣ್ಣ ಹಲ್ಲು ಕಚ್ಚಿ ಎತ್ತುತ್ತಾರೆ. ಕಾಲು ಮಂಚ ಬಿಟ್ಟು ಏಳುವುದೇ ಇಲ್ಲ.

‘ಇಳಿ. ನಡಿ.’

ಅಣ್ಣ ನಡೆದರು, ನಲವತ್ತು ವರ್ಷ ನಡೆದ ಹಾಗೆಯೇ, ನೆಟ್ಟಗೆ.

‘ಜೇಬಿನಿಂದ ಕೈ ತೆಗೆಯಪ್ಪ.’

ಕೈ ಹೊರಗೆ ಬಂತು. ಎರಡನೆಯ ಹೆಜ್ಜೆಗೆ ಮೊಣಕಾಲು ಮಡಚಿತು. ಅಟೆಂಡರ್ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು. ವೈದ್ಯರು ಏನೂ ಅನ್ನಲಿಲ್ಲ, ಬರೆದುಕೊಂಡರು. ಆಮೇಲೆ ಒಂದಾದ ಮೇಲೊಂದು: ಇಳಿಜಾರಿನಲ್ಲಿ ನಡೆ, ಮೆಟ್ಟಿಲು ಹತ್ತು, ಎರಡೂ ಕಾಲ ಮೇಲೆ ನಿಲ್ಲು, ಎಡಗಾಲೊಂದರ ಮೇಲೆ ನಿಲ್ಲು, ಕುಕ್ಕರಗಾಲಲ್ಲಿ ಕೂರು, ಚಕ್ಕಳಮಕ್ಕಳ ಹಾಕು, ಮೊಣಕಾಲೂರು, ತಿರುಗು. ಸಮತಟ್ಟಿನ ನಡಿಗೆಯೂ ಸೇರಿ ಒಂಬತ್ತು ಚಟುವಟಿಕೆ, ಒಂದೊಂದಕ್ಕೆ ಶೇ 10. ಕುಕ್ಕರಗಾಲಿನ ಹೊತ್ತಿಗೆ ಅಣ್ಣನ ಬಾಯಿಗೆ ‘ಆಗತೈತ್ರಿ ಸರ್’ ಬಂದೇಬಿಟ್ಟಿತ್ತು. ಅತ್ತಿಗೆ ಬಾಗಿಲಿಂದ ಬಿಳಿ ಹಾಳೆ ಮುಂದೆ ಚಾಚಿದರು. ರಾತ್ರಿ ಆ ಒಂದು ಸಾಲಿನ ಕೆಳಗೆ ಅವರೇ ಬರೆದಿದ್ದರು: ಗೋಡೆ ಹಿಡಿಯದೆ ಏಳಲಾರರು. ಮಳೆಗಾಲದಲ್ಲಿ ಬಿದ್ದು ಮಣಿಕಟ್ಟು ಊದಿತ್ತು. ಮಿಲ್ಲಿನ ಮೆಟ್ಟಿಲು ಹತ್ತಲಾಗದೆ ಅಲ್ಲಿನ ಹೊಲಿಗೆ ಕೆಲಸ ಬಿಟ್ಟರು.

ವೈದ್ಯರು ಓದಿ ಹಾಳೆ ಮಡಚಿದರು. ‘ಹೋಗಿಬನ್ನಿ.’

ಶೇಕಡಾ ಎಷ್ಟು ಎಂದು ಅಲ್ಲೇ ಹೇಳುವುದಿಲ್ಲ. ಹೊರಗೆ ಮಿರ್ಚಿ, ಮಂಡಕ್ಕಿ ಒಗ್ಗರಣೆಯ ಮುಂದೆ ಕೂತು ಅಣ್ಣ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಈ ಕೂಡುವ ಲೆಕ್ಕ ಟೇಲರ್ ಲೆಕ್ಕದಂತಲ್ಲ. ಚಲನೆಗೆ 40, ಸ್ಥಿರತೆಗೆ 30 ಬಂತು ಅನ್ನಿ, ಮೊತ್ತ 70 ಆಗುವುದಿಲ್ಲ. ದೊಡ್ಡ ಅಂಕವನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ಹತ್ತಿರ ಹತ್ತಿರ 57. ಇದು ಗೊತ್ತಿಲ್ಲದೆ ‘ನನಗೆ ಕಡಿಮೆ ಹಾಕಿದರು’ ಎಂದು ಜಗಳ ತೆಗೆಯುವವರಿದ್ದಾರೆ. ನಿಜಕ್ಕೂ ಅನ್ಯಾಯವಾಗಿದ್ದರೆ ಕಾಯ್ದೆಯಲ್ಲೇ ಮೇಲ್ಮನವಿಗೆ ದಾರಿ ಇದೆ.

ಶೇ 40 ಮುಟ್ಟಿದರೆ ಕಾರ್ಡು ಹಳದಿ, 80 ಆದರೆ ನೀಲಿ, 40ರ ಕೆಳಗಾದರೆ ಬಿಳಿ. ರಾಜ್ಯದ ಮಾಸಾಶನ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲಾದರೆ 1,400. ಒಂದು ಪ್ಯಾಂಟು, ಒಂದು ಅಂಗಿ ಹೊಲಿದ ಕೂಲಿಗಿಂತ ಹೆಚ್ಚೇನಲ್ಲ ಎಂದು ಅಣ್ಣ ನಗುತ್ತಾರೆ. ಅದೂ ಕಾರ್ಡು ಬಂದೊಡನೆ ಬರುವುದಿಲ್ಲ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು, ಆಮೇಲೆ ಮಾಸಾಶನದ ಅರ್ಜಿ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಳೆಯ ಸರ್ಟಿಫಿಕೇಟು ಟ್ರಂಕಿನಲ್ಲಿಟ್ಟುಕೊಂಡು ಕೂತವರು ಇದ್ದರೆ ಕಾಯಿಸಬೇಡಿ. ಹಳ್ಳಿಯಾದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಪಟ್ಟಣವಾದರೆ ಯುಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ಹಾಕಿಸಿ. ಅರ್ಜಿ ಹಾಕಿದ ಮೇಲೆ ಎರಡು ವರ್ಷ ಆಸ್ಪತ್ರೆಗೆ ಹೋಗದಿದ್ದರೆ ಅದು ಬಿದ್ದುಹೋಗುತ್ತದೆ. ಹೋಗುವ ದಿನ ಅವರೊಬ್ಬರನ್ನೇ ಕಳಿಸಬೇಡಿ. ‘ಆಗತೈತ್ರಿ’ ಅಂದಾಗ ‘ಆಗಂಗಿಲ್ಲ’ ಅನ್ನುವವರು ಒಬ್ಬರು ಜೊತೆಗಿರಲಿ.