ಕಾದಂಬರಿಯನ್ನು ತಿದ್ದಿಸಿದ ಪ್ರಸಂಗ

ಮೂವತ್ತು ವರ್ಷಗಳ ಕಾಲ ಪರರ ಬರೆಹವನ್ನು ತಿದ್ದುತ್ತ ಬಂದವನು ತನ್ನ ಬರೆಹವನ್ನು ಪರರ ಕೈಗೆ ತಿದ್ದಲು ಕೊಡಬೇಕಾಗಿ ಬಂದರೆ ಅದೆಷ್ಟು ಕಠಿನವೆಂಬುದನ್ನು ಈಚಿನ ಎರಡು ವರ್ಷಗಳಲ್ಲಿ ಅನುಭವಿಸಿ ಅರಿತೆನು. ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಶ್ರೀಮಠದಿಂದ ಅಪ್ಪಣೆಯಾದಾಗ ಹಳಗನ್ನಡ ಕಾವ್ಯವೊಂದರ ವಿಚಾರವಾಗಿ ಬರೆಯೋಣವೆಂದುಕೊಂಡಿದ್ದೆನು. ಮನಸ್ಸು ಅತ್ತ ಹರಿಯದೆ ಈ ಪ್ರಸಂಗದ ಸುತ್ತಲೇ ಸುಳಿಯತೊಡಗಿದುದರಿಂದ ಇದನ್ನೇ ವಾಚಕರ ಮುಂದಿಡುತ್ತಿದ್ದೇನೆ.

ವರದಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಎರಡೆಕರೆ ಹೊಲವನ್ನು ನಂಬಿ ಮಕ್ಕಳನ್ನು ಬೆಳೆಸಿದ ಕಥೆಯನ್ನು ನಾನು ಹನ್ನೊಂದು ವರ್ಷಗಳ ಬೇಸಗೆಯ ಬಿಡುವುಗಳಲ್ಲಿ ಕಾದಂಬರಿಯಾಗಿ ಬರೆದೆನು. ಆ ತಾಯಿ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹಸ್ತಪ್ರತಿಯನ್ನು ನೋಡಿದ ಒಬ್ಬ ಪ್ರಕಾಶಕರು, ಹಣ ಕೊಟ್ಟರೆ ಇದ್ದಂತೆಯೇ ಅಚ್ಚು ಹಾಕಿಸುತ್ತೇವೆ ಎಂದರು. ಇನ್ನೊಬ್ಬರು, ಇದನ್ನು ಯಾರಾದರೂ ಸಮರ್ಥ ಸಂಪಾದಕರಿಂದ ತಿದ್ದಿಸಿ ತನ್ನಿರಿ, ಆಮೇಲೆ ಮಾತನಾಡೋಣ ಎಂದರು. ಮೊದಲನೆಯವರ ಮಾತಿಗಿಂತ ಎರಡನೆಯವರ ಮಾತೇ ನನಗೆ ಹೆಚ್ಚು ಚುಚ್ಚಿತು. ವ್ಯಾಕರಣವನ್ನು ಪಾಠ ಹೇಳುವವನ ಬರೆಹದಲ್ಲಿ ಮತ್ತೊಬ್ಬರು ತಿದ್ದುವುದೇನಿದೆ?

ಸಂಪಾದನೆಯೆಂದರೆ ನಮ್ಮಂಥ ವಿದ್ವತ್ ಪರೀಕ್ಷೆಗೆ ಓದಿದವರಿಗೆ ತಿಳಿದಿದ್ದುದು ಒಂದೇ ಬಗೆ. ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಪಾಠಾಂತರಗಳನ್ನು ತೂಗಿ ನೋಡಿ, ಲಿಪಿಕಾರನ ಪ್ರಮಾದವನ್ನು ಕಳೆದು, ಕವಿಯ ಮೂಲಪಾಠವನ್ನು ಹುಡುಕುವುದು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿ ಕಲಿತ ವಿದ್ಯೆ ಅದು. ಮನೆಮನೆ ಅಲೆದು ತಾಳೆಗರಿಗಳನ್ನು ಕೂಡಿಸಿ, ೧೯೨೩ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರು ನಮ್ಮ ಕಣ್ಣಿಗೆ ಸಂಪಾದಕರು. ಅಲ್ಲೆಲ್ಲ ಕವಿಯೂ ಶರಣರೂ ಲಿಂಗೈಕ್ಯರಾಗಿ ಶತಮಾನಗಳು ಸಂದಿರುತ್ತವೆ. ಸಂಪಾದಕನೊಡನೆ ವಾದಕ್ಕೆ ಬರುವವರು ಯಾರೂ ಇರುವುದಿಲ್ಲ. ಬದುಕಿರುವ ಲೇಖಕನ ಮುಂದೆ ಕುಳಿತು, ಈ ಅಧ್ಯಾಯ ಬೇಡ ಎನ್ನುವ ಸಂಪಾದಕನನ್ನು ನಾನು ಕಂಡಿರಲಿಲ್ಲ.

ಸಹೋದ್ಯೋಗಿಗಳೊಬ್ಬರು ಧಾರವಾಡದ ಒಬ್ಬ ಹೆಣ್ಣುಮಗಳ ಹೆಸರನ್ನು ಸೂಚಿಸಿದರು. ಆಕೆ ಮೊದಲು ಪತ್ರಿಕೆಯೊಂದರಲ್ಲಿ ಕೆಲಸ ಮಾಡಿ, ಈಗ ಮನೆಯಲ್ಲಿಯೇ ಕುಳಿತು ಸ್ವತಂತ್ರವಾಗಿ ಪುಸ್ತಕಗಳನ್ನು ತಿದ್ದಿಕೊಡುವವರು. ವಯಸ್ಸು ಮೂವತ್ತನಾಲ್ಕು, ನನ್ನ ವಿದ್ಯಾರ್ಥಿನಿಯರ ಓರಗೆ. ನಾನು ಮೊದಲ ಭೇಟಿಗೆ ಹಣ್ಣು, ಶಾಲು ಹಿಡಿದುಕೊಂಡು ಹೋದೆನು. ಆಕೆ ಅವನ್ನು ವಿನಯದಿಂದ ಸ್ವೀಕರಿಸಿ, ಚಹಾ ಕೊಟ್ಟು, ಒಂದು ಹಾಳೆಯನ್ನು ಮುಂದಿಟ್ಟರು. ಕಾದಂಬರಿಯಲ್ಲಿ ೯೦,೦೦೦ ಪದಗಳು, ಪದಕ್ಕೆ ೪೦ ಪೈಸೆಯಂತೆ ೩೬,೦೦೦ ರೂಪಾಯಿ, ಮೂರು ಕಂತು. ಮೊದಲು ಪೂರ್ತಿ ಓದಿ ಅಭಿಪ್ರಾಯ ಬರೆದುಕೊಡುವುದು, ಬಳಿಕ ಕಥೆಯ ಕಟ್ಟಡವನ್ನು ಸರಿಪಡಿಸುವುದು, ಆಮೇಲೆ ಒಂದೊಂದು ವಾಕ್ಯವನ್ನು ನೋಡುವುದು, ಕಡೆಗೆ ಕರಡು. ಸೂಚನೆಗಳೆಲ್ಲ ಸಂಪಾದಕರವು, ತೀರ್ಮಾನ ಲೇಖಕನದು. ಹಕ್ಕು ಪೂರ್ತಿಯಾಗಿ ಲೇಖಕನಿಗೇ ಸೇರಿದ್ದು. ಮಾದರಿಗೆಂದು ಹತ್ತು ಪುಟಗಳನ್ನು ಹಣವಿಲ್ಲದೆ ತಿದ್ದಿ ತೋರಿಸುವೆನೆಂದೂ, ಅದು ಮನಸ್ಸಿಗೆ ಬಾರದಿದ್ದರೆ ಅಲ್ಲಿಗೇ ಬಿಡಬಹುದೆಂದೂ ಹೇಳಿದರು.

"ನೀವು ತೆಗೆದುಹಾಕುವ ಪದಕ್ಕೂ ನಲವತ್ತು ಪೈಸೆಯೇ, ತಂಗೀ?" ಎಂದು ನಗೆಯಾಡಿದೆನು.

"ತೆಗೆಯುವುದಕ್ಕೇ ಹೆಚ್ಚು ಶ್ರಮ, ಸರ್" ಎಂದರು.

ವಿದ್ಯೆಗೆ ದರ ಕಟ್ಟುವುದೇ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೆನು. ಪ್ರತಿ ವರ್ಷ ಬಸವ ಜಯಂತಿಯಲ್ಲಿ ಕಾಯಕದ ಮಹತ್ತ್ವವನ್ನು ಕುರಿತು ಮಾತನಾಡುವವನು ನಾನೇ ಎಂಬುದು ಬಸ್ಸು ಹಾವೇರಿಯನ್ನು ಮುಟ್ಟುವ ಹೊತ್ತಿಗೆ ನೆನಪಾಯಿತು. ಮರುದಿನ ಮೊದಲ ಕಂತನ್ನು ಕಳುಹಿಸಿದೆನು.

ಕೆಲಸ ಮೊದಲಾಗುವ ಮುನ್ನವೇ ಒಂದು ವಿಘ್ನ ಒದಗಿತು. ನಾನು ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿಸಿದ್ದ ಪ್ರತಿಯನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ತಮ್ಮ ನೆಲೆಯನ್ನು ಬಿಟ್ಟು ಓಡಿದ್ದವು. ಧರ್ಮವೆಲ್ಲ 'ಧಮರ್' ಆಗಿತ್ತು; ಕರ್ತನು 'ಕತರ್' ಆಗಿದ್ದನು. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಅಕ್ಷರದ ತರುವಾಯ ದಾಖಲಾಗುತ್ತದೆ, ಹೊಸ ಕ್ರಮದಲ್ಲಿ ರೇಫೆಯೇ ಮೊದಲು. ಅದರಿಂದ ಈ ಅವಾಂತರ. ಕೇಶಿರಾಜನಿಗೆ ಈ ಸೂತ್ರವೊಂದು ತಪ್ಪಿಹೋಯಿತಲ್ಲಾ ಎಂದು ನಕ್ಕೆನು. ಒಂದು ವಾರ ಅದನ್ನು ಸರಿಪಡಿಸುವುದಕ್ಕೇ ಹೋಯಿತು.

ಆಕೆಯ ಅಭಿಪ್ರಾಯ ಹದಿನಾಲ್ಕು ಪುಟಗಳಷ್ಟಿತ್ತು. ಮಹಾಕಾವ್ಯಕ್ಕೆ ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ಬಹುಪಾಲು ಹಳ್ಳಿಯ ಕಥೆಯೊಳಗೆ ಬಂದು ಕುಳಿತಿವೆಯೆಂದೂ, ಸೂರ್ಯೋದಯವೊಂದೇ ಹನ್ನೊಂದು ಸಲ ಆಗಿದೆಯೆಂದೂ ಲೆಕ್ಕ ಕೊಟ್ಟಿದ್ದರು. ಶ್ರಾವಣದಲ್ಲಿ ಬಿಳಿಜೋಳದ ತೆನೆ ತೂಗುತ್ತಿರುವ ವರ್ಣನೆಯ ಪಕ್ಕದಲ್ಲಿ, "ಹಿಂಗಾರಿ ಜೋಳವಲ್ಲವೇ, ಸರ್? ಶ್ರಾವಣದಲ್ಲಿ ಇನ್ನೂ ಬಿತ್ತನೆಯೇ ಆಗಿರುವುದಿಲ್ಲ" ಎಂದಿತ್ತು. ಒಕ್ಕಲಿಗರ ಮನೆಯಲ್ಲಿ ಹುಟ್ಟಿದ ನನಗೆ ತಲೆ ತಗ್ಗಿಸುವಂತಾಯಿತು. ತಾಯಿಯ ವಯಸ್ಸು ಮೂರನೆಯ ಅಧ್ಯಾಯದಲ್ಲೊಂದು, ಒಂಬತ್ತನೆಯದರಲ್ಲೊಂದು. 'ಮಾಡುವದು', 'ಮಾಡುವುದು' ಎರಡೂ ಬೆರೆತಿದ್ದುದರಿಂದ ಯಾವುದನ್ನು ಉಳಿಸಬೇಕೆಂಬ ಪದಪಟ್ಟಿಯನ್ನೂ ಸಿದ್ಧಪಡಿಸಿದ್ದರು.

ಮೂರು ದಿನ ಸಿಟ್ಟಿನಲ್ಲಿದ್ದೆನು. ನಾಲ್ಕನೆಯ ದಿನ ಆಯ್ದಕ್ಕಿ ಲಕ್ಕಮ್ಮ ನೆನಪಿಗೆ ಬಂದಳು. ಗಂಡನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದವಳು ಆಕೆ. ನಾನೂ ಕಾವ್ಯಗಳ ಅಂಗಳದಲ್ಲಿ ಬೇಕಾದುದಕ್ಕಿಂತ ಹೆಚ್ಚು ಆಯ್ದು ಮನೆ ತುಂಬಿಕೊಂಡಿದ್ದೆನು. ಒಟ್ಟು ೧೯,೦೦೦ ಪದಗಳನ್ನು ತೆಗೆದೆವು. ಎರಡು ಕಡೆಗಳಲ್ಲಿ ನಾನು ಒಪ್ಪಲಿಲ್ಲ. ಜಾತ್ರೆಯ ಅಧ್ಯಾಯ ಉದ್ದವಾಯಿತೆಂದು ಆಕೆ ಈಗಲೂ ಹೇಳುತ್ತಾರೆ, ಆಗಲಿ ಎಂದು ನಾನು ಈಗಲೂ ಹೇಳುತ್ತೇನೆ.

ಆದರೆ ನಾನು ಹೇಳಹೊರಟಿದ್ದು ಇದಲ್ಲ. ಐದನೆಯ ಅಧ್ಯಾಯದಲ್ಲಿ ಮಗನು ಪಾಠಶಾಲೆಯಿಂದ ರಜೆಗೆ ಮನೆಗೆ ಬರುತ್ತಾನೆ. ತಾಯಿ ಬಾಗಿಲಿನಲ್ಲಿ ನಿಂತು, "ಮಗನೇ, ಭೋಜನವಾಯಿತೇ? ನಿನ್ನ ವದನವು ಬಾಡಿರುವುದೇಕೆ?" ಎಂದು ಕೇಳುತ್ತಾಳೆ. ಅದರ ಅಂಚಿನಲ್ಲಿ ಕೆಂಪು ಅಕ್ಷರದಲ್ಲಿ ಒಂದೇ ಪ್ರಶ್ನೆಯಿತ್ತು: "ಈ ತಾಯಿ ಯಾವ ಊರಿನವರು, ಸರ್?"

ಕುಹಕವಿರಲಿಲ್ಲ, ತಿಳಿಯಬೇಕೆಂದೇ ಕೇಳಿದ ಪ್ರಶ್ನೆ. ಅದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

ನನ್ನ ಅವ್ವ ಅಕ್ಷರ ಬಲ್ಲವಳಲ್ಲ. ನಾನು ಹನ್ನೆರಡನೆಯ ವಯಸ್ಸಿನಲ್ಲಿ ಮಠದ ಪ್ರಸಾದ ನಿಲಯವನ್ನು ಸೇರಿ, ವರ್ಣಗಳ ಉತ್ಪತ್ತಿಸ್ಥಾನಗಳನ್ನು ಬಾಯಿಪಾಠ ಮಾಡಿಕೊಂಡು ದಸರೆಯ ರಜೆಗೆ ಊರಿಗೆ ಹೋಗಿದ್ದೆನು. ಮುಂಜಾನೆ ಅವ್ವ ಎಡಗೈಯಲ್ಲಿ ಲಿಂಗವನ್ನು ಹಿಡಿದು, ಕಣ್ಣು ಮುಚ್ಚಿ, "ಸಿವಾ, ಸಿವಾ" ಎಂದು ಗಟ್ಟಿಯಾಗಿ ನುಡಿಯುತ್ತಿದ್ದಳು. ಅದು ನಮ್ಮ ಮನೆಯ ಬೆಳಗಿನ ದನಿ. ಅದನ್ನು ಕೇಳಿಯೇ ನಾವು ಏಳುತ್ತಿದ್ದೆವು. ನಾನು ಬಳಿಯಲ್ಲಿ ನಿಂತು, "ಅವ್ವಾ, ಸಿವಾ ಅಲ್ಲ, ಶಿವಾ ಅನ್ನಬೇಕು. ಅದು ತಾಲವ್ಯ ಶಕಾರ. ತಪ್ಪು ಹೇಳಿದರೆ ಮಂತ್ರ ಫಲಿಸುವುದಿಲ್ಲ" ಎಂದೆನು. ಆಕೆ ಕಣ್ಣು ತೆರೆದು ನನ್ನನ್ನು ನೋಡಿದಳು. ಒಂದು ಸಲ ಪ್ರಯತ್ನಿಸಿದಳು; ಬರಲಿಲ್ಲ. "ನನಗ ಎಲ್ಲಿ ಬರತೈತಪ್ಪಾ" ಎಂದು ನಕ್ಕಳು. ಮರುದಿನದಿಂದ ನಾನು ಊರಿನಲ್ಲಿದ್ದಾಗಲೆಲ್ಲ ಆಕೆಯ ತುಟಿಗಳು ಮಾತ್ರ ಅಲುಗುತ್ತಿದ್ದವು, ದನಿ ಕೇಳಲಿಲ್ಲ. ಆಕೆ ೨೦೦೯ರಲ್ಲಿ ಲಿಂಗೈಕ್ಯಳಾದಳು. ಅಲ್ಲಿಯ ತನಕ ನನ್ನೆದುರಿನಲ್ಲಿ ಆ ನಾಮವನ್ನು ಆಕೆ ಮತ್ತೆ ಗಟ್ಟಿಯಾಗಿ ನುಡಿದುದನ್ನು ನಾನು ಕಾಣೆ.

ಸಂಪಾದಕರಿಗೆ ಇದಾವುದೂ ತಿಳಿಯದು. ನಾನು ಹೇಳಲೂ ಇಲ್ಲ. ಹೀಗೆ ಆಕೆಯ ಬಾಯಿಂದ ಮಾತನ್ನು ಕಸಿದವನೇ ಹನ್ನೊಂದು ವರ್ಷ ಕುಳಿತು ಆಕೆಯ ಕಥೆಯನ್ನು ಬರೆದು, ಅಲ್ಲಿಯೂ ಆಕೆಯ ಬಾಯಿಗೆ ತನ್ನ ಮಾತನ್ನೇ ತುರುಕಿದ್ದನು.

ತಾಯಿಯ ಮಾತುಗಳನ್ನೆಲ್ಲ ಹೊಸದಾಗಿ ಬರೆಯಲು ಕುಳಿತೆನು. ಬರಲಿಲ್ಲ. ಕಿವಿಯಲ್ಲಿದ್ದದ್ದು ಕೈಗೆ ಇಳಿಯುವ ಹೊತ್ತಿಗೆ ಪಂಡಿತನದಾಗುತ್ತಿತ್ತು. ಕೊನೆಗೆ ಊರಿನಲ್ಲಿರುವ ಅಕ್ಕನ ಬಳಿಗೆ ಹೋಗಿ, ಒಂದೊಂದು ಸನ್ನಿವೇಶವನ್ನು ವಿವರಿಸಿ, "ಇಲ್ಲಿ ಅವ್ವ ಏನೆನ್ನುತ್ತಿದ್ದಳು?" ಎಂದು ಕೇಳಿದೆನು. ಅಕ್ಕ ಶೇಂಗಾ ಸುಲಿಯುತ್ತಲೇ ಹೇಳುತ್ತ ಹೋದಳು. ಐದನೆಯ ಅಧ್ಯಾಯದ ತಾಯಿ ಈಗ, "ಯಾವಾಗ ಬಂದ್ಯೋ ತಮ್ಮಾ? ಉಂಡೀಯೇನು?" ಎನ್ನುತ್ತಾಳೆ. ಬೆಳಗಿನ ಪೂಜೆಯ ಸನ್ನಿವೇಶ ಮೊದಲ ಪ್ರತಿಯಲ್ಲಿ ಇರಲೇ ಇಲ್ಲ. ಅದನ್ನೂ ಬರೆದು ಸೇರಿಸಿದೆನು. ಧಾರವಾಡದಿಂದ ಆ ಪುಟಗಳು ಒಂದೂ ಕೆಂಪು ಗುರುತಿಲ್ಲದೆ ಹಿಂದಿರುಗಿದವು.

ಕಳೆದ ತಿಂಗಳು ಅಚ್ಚಿಗೆ ಮುಂಚಿನ ಕಡೆಯ ಕರಡು ಕೈಗೆ ಬಂದಿತು. ಪುಟ ಕಟ್ಟುವ ಹುಡುಗ ಪಾಪ, ಲೇಖಕರು ಪಂಡಿತರೆಂದು ಬಲ್ಲವನು. ಕಣ್ತಪ್ಪಾಗಿರಬೇಕೆಂದು ಭಾವಿಸಿ ಏಳು ಕಡೆಗಳಲ್ಲಿಯೂ 'ಸಿವಾ' ಎಂಬುದನ್ನು 'ಶಿವಾ' ಎಂದು ತಿದ್ದಿಟ್ಟಿದ್ದನು. ನಾನು ಕೆಂಪು ಲೇಖನಿಯನ್ನು ತೆಗೆದುಕೊಂಡು ಏಳನ್ನೂ ಹೊಡೆದುಹಾಕಿ, ಒಂದೊಂದರ ಮೇಲೆಯೂ ದಂತ್ಯ ಸಕಾರವನ್ನು ಬರೆದು, ಅಂಚಿನಲ್ಲಿ 'ಹೀಗೆಯೇ ಇರಲಿ' ಎಂದು ಬರೆದು ಕಳುಹಿಸಿದೆನು.