ಮೈಸೂರಿನ ಗರಡಿಯ ಹೊಸ್ತಿಲಲ್ಲಿ

ದಸರೆಯ ಗದ್ದಲವೆಲ್ಲ ಅಡಗಿದ ಮೇಲೆ ಮೈಸೂರಿಗೆ ಹೋಗುವುದು ನಮ್ಮ ವಾಡಿಕೆ. ಈ ಸಾರಿ ಅರಮನೆ, ಬೆಟ್ಟಗಳನ್ನು ಬಿಟ್ಟು, ಮಕ್ಕಳಿಬ್ಬರೊಡನೆ ಹಳೆಯ ಕೇರಿಯೊಂದರ ಗರಡಿಮನೆಯನ್ನು ಹುಡುಕಿಕೊಂಡು ಹೊರಟೆವು. ಕಾರಣವಿಷ್ಟೆ: ನಮ್ಮ ಹನ್ನೊಂದು ವರ್ಷದ ಹುಡುಗನು ಒಂದು ಬಿಂದಿಗೆ ನೀರನ್ನು ಎತ್ತಲಾರದೆ ನಿಂತುಬಿಟ್ಟಿದ್ದನು. ಅವನ ಅಜ್ಜಿಯವರಾದರೋ, "ಎಳೆಯ ಮೈಗೆ ಸಾಮು ಮಾಡಿಸಿದರೆ ಮಗು ಕುಳ್ಳಾಗಿಯೇ ಉಳಿದೀತು" ಎಂದು ಪಟ್ಟು ಹಿಡಿದಿದ್ದರು. ಈ ಭಯವು ಅನೇಕ ಮನೆಗಳಲ್ಲಿ ಉಂಟೆಂಬುದನ್ನು ವಾಚಕರು ಬಲ್ಲರು.

ಗರಡಿಯ ಬಾಗಿಲು ಬಹಳ ಗಿಡ್ಡ. ಎಂತಹ ಜಟ್ಟಿಯೂ ತಲೆಬಾಗಿಯೇ ಒಳಹೊಗಬೇಕು. ಒಳಗೆ ಅರೆಗತ್ತಲು, ಆಂಜನೇಯನ ಪಟದ ಮುಂದೆ ದೀಪ, ಎಣ್ಣೆ ಅರಿಸಿನಗಳನ್ನು ಕಲಸಿ ಹದಮಾಡಿದ ಕೆಮ್ಮಣ್ಣಿನ ವಾಸನೆ. ಗೋಡೆಗೊರಗಿಸಿದ್ದ ಗದೆಗಳನ್ನು ಕಂಡೊಡನೆ ಹುಡುಗನು ಅತ್ತ ಓಡಿದನು. ಉಸ್ತಾದರು ನಕ್ಕು ತಡೆದರು. "ಅದು ಆಮೇಲೆ, ಮರಿ. ಮೊದಲು ನಿನ್ನ ಮೈಯನ್ನು ನೀನೇ ಎತ್ತು" ಎಂದು ಬಸ್ಕಿ ಹೊಡೆಸಿದರು. ಏಳನೆಯದಕ್ಕೆ ಮೊಣಕಾಲು ಒಳಕ್ಕೆ ವಾಲಿತು, ಅಲ್ಲಿಗೇ ನಿಲ್ಲಿಸಿದರು. ಎಣಿಕೆ ಹೇಗಾದರಾಗಲಿ, ಅಂಗವು ಓರೆಯಾಗಬಾರದೆಂಬುದೇ ಅವರ ಹಟ.

ಇಂದಿನ ವೈದ್ಯಶಾಸ್ತ್ರವು ಹೇಳುವುದೂ ಹೆಚ್ಚುಕಡಮೆ ಇದನ್ನೇ. ತಿಳಿದವರ ಕಣ್ಣಮುಂದೆ, ಕ್ರಮವರಿತು ಮಾಡಿಸಿದ ಅಂಗಸಾಧನೆಯಿಂದ ಮಕ್ಕಳ ಬೆಳವಣಿಗೆ ಕುಂದುವುದೆಂಬ ಮಾತಿಗೆ ಆಧಾರವಿಲ್ಲ. ಪ್ರಾಯಕ್ಕೆ ಬರುವ ಮುನ್ನ ಮಾಂಸಖಂಡಗಳು ಅಷ್ಟಾಗಿ ಉಬ್ಬುವುದಿಲ್ಲ; ನರಗಳು ಅವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದಲೇ ಬಲವು ಹೆಚ್ಚುತ್ತದೆ. ಆದಕಾರಣ ಮಗನ ತೋಳನ್ನು ದಾರದಿಂದ ಅಳೆಯುವ ತಂದೆಯರು (ನಾವೂ ಅವರಲ್ಲೊಬ್ಬರು!) ನಿರಾಶರಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆಯನ್ನೂ, ವಾರದಲ್ಲಿ ಕಡೆಯ ಪಕ್ಷ 3 ದಿನ ಮಾಂಸಖಂಡಗಳನ್ನೂ ಎಲುಬುಗಳನ್ನೂ ಬಲಪಡಿಸುವ ವ್ಯಾಯಾಮವನ್ನೂ ವಿಧಿಸಿತು. ಅಪಾಯವಿರುವುದು ಮಿತಿಮೀರಿದ ಭಾರದಲ್ಲಿ, ಅವಸರದಲ್ಲಿ, ನೋಡಿಕೊಳ್ಳುವವರಿಲ್ಲದ ಎಡೆಯಲ್ಲಿ.

ಒಂದು ಸಂಗತಿ ಮಾತ್ರ ನಮ್ಮನ್ನು ಕೊರೆಯಿತು. ಆ 60 ನಿಮಿಷಗಳು ಹೆಣ್ಣುಮಕ್ಕಳಿಗೂ ಸೇರಿದುವು; ಆದರೆ ಆ ಗಿಡ್ಡ ಬಾಗಿಲು ಅವರಿಗಾಗಿ ತೆರೆದಿರಲಿಲ್ಲ. ಒಂಬತ್ತು ವರ್ಷದ ನಮ್ಮ ಮಗಳನ್ನು ಅವಳ ತಾಯಿಯೊಡನೆ ಹೊರಗಿನ ಜಗಲಿಯಲ್ಲಿಯೇ ಕುಳ್ಳಿರಿಸಿ ಒಳಹೋಗಿದ್ದೆವು. ಹೊರಬಂದು ನೋಡುತ್ತೇವೆ, ಬಾಗಿಲ ಸಂದಿಯಿಂದ ಕಂಡ ಬಸ್ಕಿಯನ್ನು ಹುಡುಗಿಯು ಜಗಲಿಯ ಮೇಲೆ ಹೊಡೆಯುತ್ತಿದ್ದಳು, ತಾಯಿ ಎಣಿಸುತ್ತಿದ್ದಳು. ಆಗಲೇ ಹನ್ನೆರಡಾಗಿತ್ತು. ಮೊಣಕಾಲು ನೇರವಾಗಿಯೇ ಇತ್ತು.